ನೋಯದ ಗುಳ್ಳೆಗಳು

ನೋವು ಕೊಡುವ ಕಾಯಿಲೆಗೆ ದಾರಿ ಸುಲಭ. ಹಲ್ಲು ಸಿಡಿಯತೊಡಗಿದರೆ ನಡುರಾತ್ರಿಯಾದರೂ ಲವಂಗ ಹುಡುಕುತ್ತೇವೆ, ಬೆಳಗಾಗುತ್ತಲೇ ದಂತವೈದ್ಯರ ಬಾಗಿಲಲ್ಲಿರುತ್ತೇವೆ. ನೋಯದ, ತುರಿಸದ, ಕೀವು ಕಟ್ಟದ ಗುಳ್ಳೆಗಳ ವಿಚಾರ ಹಾಗಲ್ಲ. ಅವು ಮನುಷ್ಯನನ್ನು ಆಸ್ಪತ್ರೆಗೆ ಕಳಿಸುವ ಬದಲು ಮೊದಲು ಕನ್ನಡಿಯ ಮುಂದೆ, ಆಮೇಲೆ ಅಕ್ಕಪಕ್ಕದವರ ಮುಂದೆ ನಿಲ್ಲಿಸುತ್ತವೆ. ನನ್ನ ಬಲಗೈಯ ಹಿಂಬದಿಯಲ್ಲಿ, ತೋರುಬೆರಳಿನ ಗೆಣ್ಣಿನ ಹತ್ತಿರ, ಅಂಥ ಗುಳ್ಳೆಗಳು 2022ರ ಮಳೆಗಾಲದಲ್ಲಿ ಕಾಣಿಸಿಕೊಂಡವು. ಸಾಸಿವೆ ಕಾಳಿಗಿಂತ ತುಸು ದೊಡ್ಡವು, ಬಣ್ಣ ಮೈಬಣ್ಣವೇ, ಮುಟ್ಟಿದರೆ ಗಟ್ಟಿ, ಮೇಲ್ಭಾಗ ನುಣುಪು. ಮೊದಲು ಬಿಡಿಬಿಡಿಯಾಗಿದ್ದವು, ದೀಪಾವಳಿಯ ಹೊತ್ತಿಗೆ ಒಂದರ ಪಕ್ಕಕ್ಕೊಂದು ಕೂಡಿಕೊಂಡು, ನಡುವಿನ ಚರ್ಮ ಮಾತ್ರ ಮಾಮೂಲಿನಂತೆ ಉಳಿದು, ಒಂದು ಉಂಗುರವೇ ಆಗಿಬಿಟ್ಟಿತು.

ಸೀರೆಯ ಸೆರಗಿನಲ್ಲಿ ಮುಚ್ಚಿಕೊಳ್ಳಬಹುದಾದ ಜಾಗದಲ್ಲಿ ಬಂದಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲವೇನೋ. ಆದರೆ ನಾನು ಕೆಲಸ ಮಾಡುವುದು ದಾವಣಗೆರೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ, ಕ್ಯಾಷಿಯರ್ ಆಗಿ. ಗಾಜಿನ ಕೆಳಗಿನ ಕಿಂಡಿಯಿಂದ ದಿನವಿಡೀ ಹೊರಗೆ ಹೋಗಿ ಬರುವುದು ನನ್ನ ಮುಖವಲ್ಲ, ಬಲಗೈ. ಮಂಡಿಪೇಟೆಯ ವ್ಯಾಪಾರಿಗಳು, ಅಡಿಕೆಯ ದುಡ್ಡು ಕಟ್ಟಲು ಬರುವ ಚನ್ನಗಿರಿ ಕಡೆಯವರು, ಪಿಂಚಣಿಗೆ ಬರುವ ಹಿರಿಯರು, ಎಲ್ಲರೂ ಎಣಿಕೆ ತಪ್ಪೀತೆಂದು ಆ ಕೈಯನ್ನೇ ನೋಡುತ್ತಿರುತ್ತಾರೆ. ಅವರಲ್ಲೊಬ್ಬ ಹಿರಿಯ ವ್ಯಾಪಾರಿ, ವರ್ಷಗಳಿಂದ ನನ್ನ ಕೈಯಿಂದಲೇ ನೋಟಿನ ಕಟ್ಟು ಇಸಿದುಕೊಂಡು, ಮಕ್ಕಳ ಓದು ವಿಚಾರಿಸಿ ಹೋಗುತ್ತಿದ್ದವರು, ಒಂದು ದಿನ ಉಂಗುರವನ್ನು ನೋಡಿದರು. ಕೈ ಮುಂದೆ ಮಾಡಲಿಲ್ಲ. "ಅಲ್ಲೇ ಇಡ್ರಿ ಮೇಡಂ, ನಾನು ತಗಂತೀನಿ" ಎಂದರು. ದನಿಯಲ್ಲಿ ಒರಟುತನವೇನೂ ಇರಲಿಲ್ಲ, ಎಂದಿನ ಮರ್ಯಾದೆಯೇ ಇತ್ತು. ನಾನು ಕಟ್ಟನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಂಡ ಮೇಲೆ ಅವರು ಅದನ್ನು ಎತ್ತಿಕೊಂಡರು. ಅಂದು ಸಂಜೆ ಲೆಕ್ಕ ಮುಗಿಸುವವರೆಗೂ ನನ್ನ ತಲೆಯಲ್ಲಿದ್ದದ್ದು ಗುಳ್ಳೆ ಏನಿರಬಹುದು ಎಂಬ ಪ್ರಶ್ನೆಯಲ್ಲ, ಅವರು ಅದನ್ನು ಏನೆಂದುಕೊಂಡಿರಬಹುದು ಎಂಬ ಪ್ರಶ್ನೆ. ಚರ್ಮದ ಕಾಯಿಲೆಯ ಚಿಂತೆಯಲ್ಲಿ ಮುಕ್ಕಾಲು ಪಾಲು ಈ ಎರಡನೆಯ ಪ್ರಶ್ನೆಯದ್ದೇ ಎಂದು ನನಗೆ ಆಗಿನಿಂದ ಅನ್ನಿಸಿದೆ.

ಹತ್ತು ಜನ, ಹತ್ತು ಮಾತು

ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ನಾವಾಗಿ ಹೇಳದ ಹೊರತು ಯಾರೂ ಕಾಣಲಾರರು. ಚರ್ಮ ಮಾತ್ರ ಬೀದಿಗೆ ತೆರೆದ ಬಾಗಿಲು, ಕಂಡವರೆಲ್ಲ ಒಳಗೆ ಬಂದು ಸಲಹೆ ಕೊಟ್ಟು ಹೋಗುತ್ತಾರೆ. ನಂಜಾಗಿದೆ, ಬದನೆಕಾಯಿ ಬಿಡು ಎಂದರು ಎದುರುಮನೆಯವರು. ಸಹೋದ್ಯೋಗಿಯೊಬ್ಬರು ಇದು ನರಹುಲಿಯೇ ಎಂದು ತೀರ್ಮಾನಿಸಿ, ಕುದುರೆ ಬಾಲದ ಕೂದಲು ಕಟ್ಟಿದರೆ ಉದುರುತ್ತದೆ ಎಂದರು, ಉಂಗುರಕ್ಕೆ ಕೂದಲನ್ನು ಎಲ್ಲಿ ಕಟ್ಟುವುದೆಂದು ಮಾತ್ರ ಹೇಳಲಿಲ್ಲ. ಹುಳುಕಡ್ಡಿ ಎಂದವರು ಹೆಚ್ಚು, ಏಕೆಂದರೆ ಉಂಗುರದ ಆಕಾರ ಕಂಡೊಡನೆ ಎಲ್ಲರಿಗೂ ನೆನಪಾಗುವುದು ಅದೇ. ಅವರ ಪೈಕಿ ಒಬ್ಬೊಬ್ಬರೂ ಒಂದೊಂದು ಟ್ಯೂಬಿನ ಹೆಸರು ಹೇಳಿದರು. ನಾನು ಯಾವುದನ್ನೂ ಹಚ್ಚಲಿಲ್ಲ. ಅದು ವಿವೇಕದಿಂದಲ್ಲ, ಯಾವ ಟ್ಯೂಬು ಎಂಬುದರಲ್ಲಿ ಅವರೊಳಗೇ ಒಮ್ಮತವಿರಲಿಲ್ಲ, ಅಷ್ಟೆ.

ಜಗಳೂರು ಕಡೆಯವರಾದ ನನ್ನ ಅತ್ತೆ ಉಂಗುರವನ್ನು ಬೆರಳಿನಿಂದ ಸುತ್ತ ಸವರಿ, "ಸುತ್ಕಂಡು ಮಲಗಿದಂಗೈತೆ ನೋಡವ್ವ, ನಾಗಪ್ಪಂದೇ ಇದು. ಹಾಲೆರಿ" ಎಂದರು. ಅವರ ಮಾತನ್ನು ನಗೆಯಾಡಲು ನನಗೆ ಮನಸ್ಸು ಬರುವುದಿಲ್ಲ. ಅವರ ಎಡಗೆನ್ನೆಯಲ್ಲಿ ಸಿಡುಬಿನ ಕುಳಿಗಳಿವೆ. ಭಾರತದಲ್ಲಿ ಸಿಡುಬು ಕೊನೆಯದಾಗಿ ಕಂಡದ್ದು 1975ರಲ್ಲಿ, ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾದದ್ದು 1980ರಲ್ಲಿ. ಅವರ ಬಾಲ್ಯವೆಲ್ಲ ಅದಕ್ಕಿಂತ ಮೊದಲಿನದು. ಮನೆಯಲ್ಲೊಬ್ಬರಿಗೆ ಅಮ್ಮ ಬಂದರೆ ಒಗ್ಗರಣೆ ನಿಲ್ಲಿಸಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮೈಮೇಲೆ ಎದ್ದದ್ದು ಇಳಿಯುತ್ತದೋ ಇಲ್ಲವೋ ಎಂದು ಕಾದು ಕುಳಿತವರು ಅವರು. ಚರ್ಮದ ಮೇಲೆ ಏನೇ ಎದ್ದರೂ ಅದರ ಹಿಂದೆ ಯಾರದೋ ಮುನಿಸಿದೆ ಎಂದು ಆ ತಲೆಮಾರು ಓದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಬೇವಿನೆಲೆ ಅರೆದು ಹಚ್ಚಿದಾಗ ಮಾತ್ರ ನಾನು ಬೇಡವೆನ್ನಲಿಲ್ಲ.

ಅದೇ ವರ್ಷ ರಾಜ್ಯದ ದನಕರುಗಳಿಗೆ ಚರ್ಮಗಂಟು ರೋಗ ಹರಡಿತ್ತು. ನ್ಯಾಮತಿ ಬಳಿಯ ತವರಿಗೆ ಹೋದಾಗ ಅಣ್ಣನ ಕೊಟ್ಟಿಗೆಯ ಹಸುವಿನ ಕುತ್ತಿಗೆ, ಪಕ್ಕೆಗಳ ತುಂಬ ನಿಂಬೆಹಣ್ಣಿನ ಗಾತ್ರದ ಗಂಟುಗಳೆದ್ದು, ಕಾಲು ಬಾತು, ಅದು ಮೇವನ್ನೂ ಮೂಸದೆ ನಿಂತಿತ್ತು. ನಾನು ಅದರ ಮೈ ತಡವಿದ್ದೂ ನಿಜ, ಗುಳ್ಳೆಗಳು ಕಾಣಿಸಿಕೊಂಡದ್ದು ಆ ಆಸುಪಾಸಿನಲ್ಲೇ ಎಂಬುದೂ ನಿಜ. ಊರಿನವರಿಗೆ ಇನ್ನೇನು ಬೇಕು? ಲಸಿಕೆ ಹಾಕಲು ಬಂದಿದ್ದ ಪಶುವೈದ್ಯರು ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಕೇಳಿಸುವಂತೆ, ಈ ವೈರಾಣು ದನ ಎಮ್ಮೆಗಳದ್ದು, ಸೊಳ್ಳೆ ನೊಣ ಉಣ್ಣೆಗಳ ಮೂಲಕ ಹರಡುತ್ತದೆ, ಮನುಷ್ಯರಿಗೆ ತಗಲುವುದಿಲ್ಲ ಎಂದು ವಿವರಿಸಿದರು. ಮೇಕೆ ಸಿಡುಬಿಗೆ ಹಾಕುವ ಲಸಿಕೆಯನ್ನೇ ದನಕ್ಕೂ ಏಕೆ ಹಾಕುತ್ತಾರೆ ಎಂಬುದನ್ನೂ ಹೇಳಿದರು: ಎರಡೂ ಒಂದೇ ಕುಲದ ವೈರಾಣುಗಳು. ಎಲ್ಲರೂ ತಲೆಯಾಡಿಸಿದರು, ಆಮೇಲೆ ಎಲ್ಲರೂ ನನ್ನ ಕೈ ನೋಡಿದರು. ಎರಡು ಸಂಗತಿಗಳು ಒಟ್ಟಿಗೆ ಘಟಿಸಿದರೆ ಒಂದು ಇನ್ನೊಂದಕ್ಕೆ ಕಾರಣ ಎಂದುಕೊಳ್ಳುವುದು ನಮ್ಮ ಮನಸ್ಸಿನ ಹಳೆಯ ಚಾಳಿ. ಕಾರಣ ತಿಳಿಯದ ಕಾಯಿಲೆಯ ಸುತ್ತ ಅದು ಇನ್ನಷ್ಟು ಸೊಂಪಾಗಿ ಬೆಳೆಯುತ್ತದೆ.

ಫೋಟೊದಲ್ಲಿ ಇಲ್ಲದ್ದು

ಬೆಂಗಳೂರಿನಲ್ಲಿರುವ ಅಕ್ಕನ ಮಗ, "ಚಿಕ್ಕಮ್ಮ, ಫೋಟೊ ಕಳ್ಸಿ, ನೋಡಿ ಹೇಳಿಬಿಡ್ತಾರೆ" ಎಂದ. ಕಳಿಸಿದೆ. ಮೊಬೈಲಿನ ಫ್ಲಾಶ್ ನೇರವಾಗಿ ಬಿದ್ದದ್ದರಿಂದ ಉಬ್ಬೆಲ್ಲ ಚಪ್ಪಟೆಯಾಗಿ, ಕೈ ಮೇಲೆ ಯಾರೋ ಪೆನ್ನಿನಲ್ಲಿ ವೃತ್ತ ಗೀಚಿದಂತೆ ಕಾಣುತ್ತಿತ್ತು. ಅವನು ಅದನ್ನು ಅಂತರಜಾಲದ ಚಿತ್ರಗಳೊಂದಿಗೆ ಹೋಲಿಸಿ, ಒಂದಕ್ಕಿಂತ ಒಂದು ಭಯಂಕರವಾದ ಸಾಧ್ಯತೆಗಳನ್ನು ಕಳಿಸತೊಡಗಿದ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಬೆರಳಾಡಿಸುತ್ತಾ ಅವುಗಳನ್ನು ನೋಡಿದವರಿಗೆ ನಿದ್ದೆ ಬರುವ ಸಂಭವ ಕಡಿಮೆ.

ಆ ಚಿತ್ರಗಳಲ್ಲಿ ಬಹುಪಾಲು ಬಿಳಿಯರ ಮೈಯವು ಎಂಬುದನ್ನು ಗಮನಿಸಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಅವರ ಚರ್ಮದಲ್ಲಿ ಕೆಂಪಾಗಿ ಎದ್ದು ಕಾಣುವ ದದ್ದು ನಮ್ಮ ಗೋಧಿ ಅಥವಾ ಕಪ್ಪು ಮೈಬಣ್ಣದಲ್ಲಿ ಕಂದಾಗಿಯೋ, ನೇರಳೆ ಛಾಯೆಯಲ್ಲೋ ಇರುತ್ತದೆ, ಒಮ್ಮೊಮ್ಮೆ ಬಣ್ಣದ ವ್ಯತ್ಯಾಸವೇ ತಿಳಿಯುವುದಿಲ್ಲ. ಜೊತೆಗೆ, ಗುಳ್ಳೆ ಗಟ್ಟಿಯೋ ಮೆದುವೋ, ಬೆರಳಿನಡಿ ಜಾರುತ್ತದೋ ಚರ್ಮಕ್ಕೇ ಅಂಟಿದೆಯೋ, ಮೇಲೆ ಹೊಟ್ಟು ಏಳುತ್ತದೋ, ಅಲ್ಲಿ ಸ್ಪರ್ಶ ತಿಳಿಯುತ್ತದೋ ಇಲ್ಲವೋ ಎಂಬ ಯಾವ ಸಂಗತಿಯೂ ಫೋಟೊದಲ್ಲಿ ಇರುವುದಿಲ್ಲ. ಕೊಬ್ಬಿನ ಗಂಟನ್ನು ಗುರುತಿಸುವುದೇ ಅದು ಮೆದುವಾಗಿ ಬೆರಳಿನಡಿ ಸರಿಯುವುದರಿಂದ. ಪಿತ್ತದ ಗಂಧೆಯನ್ನು ಗುರುತಿಸುವುದು ಒಂದೊಂದು ದದ್ದೂ ಒಂದು ದಿನದೊಳಗೆ ಮಾಯವಾಗಿ ಬೇರೆಡೆ ಏಳುವುದರಿಂದ. ಒಂದನ್ನು ತಿಳಿಯಲು ಕೈ ಬೇಕು, ಇನ್ನೊಂದಕ್ಕೆ ಕಾಲದ ಲೆಕ್ಕ ಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂಬ ಗಾದೆ ಕೈಯ ಹಿಂಬದಿಯ ಗುಳ್ಳೆಗೆ ಅನ್ವಯಿಸುವುದಿಲ್ಲವೆಂದು ಕಾಣುತ್ತದೆ.

ಫಲಕದ ಕೆಳಗಿನ ಬೆಂಚು

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದಾಗಿನಿಂದ ನಮ್ಮ ಊರಿನಲ್ಲಿ ವೈದ್ಯರಿಗೆ ಬರವಿಲ್ಲ, ಹಾವೇರಿ, ಚಿತ್ರದುರ್ಗ, ಬಳ್ಳಾರಿ ಕಡೆಯವರೂ ಇಲ್ಲಿಗೇ ಬರುತ್ತಾರೆ. ಖಾಸಗಿ ಕ್ಲಿನಿಕ್ಕುಗಳೂ ಸಾಕಷ್ಟಿವೆ. ಆದರೂ ಬೋಧನಾ ಆಸ್ಪತ್ರೆಗೇ ಹೋಗು ಎಂದದ್ದು ನನ್ನ ಶಾಖೆಯ ಹಿರಿಯ ಸಹೋದ್ಯೋಗಿ. "ಹೊತ್ತು ಹೋಗುತ್ತೆ, ಆದ್ರೆ ನಾಲ್ಕು ಜನ ನೋಡ್ತಾರೆ" ಎಂಬುದು ಅವರ ವಾದ.

ಬೋಧನಾ ಆಸ್ಪತ್ರೆಗಳ ಈ ವಿಭಾಗದ ಫಲಕವನ್ನು ನೀವು ಓದಿರಬಹುದು: ಚರ್ಮ, ಲೈಂಗಿಕ ರೋಗ ಹಾಗೂ ಕುಷ್ಠರೋಗ ವಿಭಾಗ. ವೈದ್ಯಶಾಸ್ತ್ರಕ್ಕೆ ಈ ಮೂರೂ ಒಂದೇ ಕವಲು, ಬೆಂಚಿನ ಮೇಲೆ ಕೂರುವವರಿಗೆ ಮಾತ್ರ ಅವುಗಳಲ್ಲಿ ಯಾವುದಕ್ಕೆ ಬಂದೆವೆಂದು ನೋಡುಗರು ತಿಳಿದಾರೋ ಎಂಬ ಸಂಕಟ. ಹೆಂಗಸರು ಸೆರಗನ್ನು ತಲೆಯ ಮೇಲಿಂದ ಕೆನ್ನೆಗೆಳೆದು ಕುಳಿತಿದ್ದರು. ಇಸ್ತ್ರಿ ಮಾಡಿದ ಅಂಗಿಯ ಗಂಡಸೊಬ್ಬರು ಪಕ್ಕದ ಕಣ್ಣಿನ ವಿಭಾಗದ ಬೆಂಚಿನಲ್ಲಿ ಕುಳಿತು, ಇಲ್ಲಿ ತಮ್ಮ ಸಂಖ್ಯೆ ಕೂಗಿದೊಡನೆ ಎದ್ದು ಬಂದರು. ಫಲಕ ಬರೆಸುವವರು ಮೊದಲ ಎರಡಕ್ಷರ ಮಾತ್ರ ದೊಡ್ಡದಾಗಿ ಬರೆಸಿದ್ದರೂ ಬೇಗ ಬರುವವರ ಸಂಖ್ಯೆ ಹೆಚ್ಚುತ್ತಿತ್ತೆಂದು ನನ್ನ ಅನಿಸಿಕೆ.

ಒಳಗೆ ಮೊದಲು ನೋಡಿದ್ದು ಪಿ.ಜಿ. ಓದುತ್ತಿದ್ದ ಯುವ ವೈದ್ಯೆ. ಕೈ ನೋಡುವುದಕ್ಕೆ ಮುನ್ನ ಆಕೆ ಕೇಳಿದ ಪ್ರಶ್ನೆಗಳೇ ಬಹಳ. ಯಾವಾಗಿನಿಂದ, ಮೊದಲು ಎಲ್ಲಿ, ಹೇಗೆ ಬೆಳೆಯಿತು, ಜ್ವರ ಬಂದಿತ್ತೇ, ತೂಕ ಇಳಿದಿದೆಯೇ, ಯಾವ ಮಾತ್ರೆ ನುಂಗುತ್ತೀರಿ, ರಾತ್ರಿ ತುರಿಕೆ ಇದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ. ಕೊನೆಯ ಪ್ರಶ್ನೆ ನನಗೆ ವಿಚಿತ್ರವೆನಿಸಿತು. ಅದು ಕಜ್ಜಿಯ ಹುಳವನ್ನು ಹುಡುಕುವ ಪ್ರಶ್ನೆಯಂತೆ. ಆ ಹುಳ ಮೊದಲ ಸಲ ಮೈಸೇರಿದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟರಲ್ಲಿ ಮನೆಯವರಿಗೆಲ್ಲ ದಾಟಿರುತ್ತದೆ. ಹಾಗಾಗಿ ತುರಿಕೆ ಇಲ್ಲದವರೂ ಸೇರಿ ಎಲ್ಲರೂ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಯಾರಿಗೂ ತುರಿಕೆ ಇರಲಿಲ್ಲ. "ಏನಾದ್ರೂ ಹಚ್ಚಿದೀರಾ ಅಮ್ಮಾ?" ಎಂದಾಗ ಬೇವಿನೆಲೆ ಎಂದೆ. ಮುಲಾಮು ಯಾವುದೂ ಇಲ್ಲವೆಂದು ಕೇಳಿ ಆಕೆಯ ಮುಖದಲ್ಲಿ ಕಂಡ ಸಮಾಧಾನಕ್ಕೆ ಕಾರಣ ನನಗೆ ಆಮೇಲೆ ತಿಳಿಯಿತು.

ಪ್ರಾಧ್ಯಾಪಕರು ಬಂದ ಮೇಲೆ ನನ್ನ ಕೈಯನ್ನು ಹಿಡಿದು ಕಿಟಕಿಯ ಬಳಿಗೆ ಕರೆದೊಯ್ದರು. ಟ್ಯೂಬ್‌ಲೈಟಿಗಿಂತ ಓರೆಯಾಗಿ ಬೀಳುವ ಹಗಲಿನ ಬೆಳಕಿನಲ್ಲಿ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಲೇ, ಗುಳ್ಳೆಗಳ ಸಾಲನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿದರು, ಚರ್ಮವನ್ನು ಹಿಗ್ಗಿಸಿದರು, ಗಾಜಿನ ಪಟ್ಟಿಯನ್ನು ಇಟ್ಟು ಅದುಮಿ ನೋಡಿದರು. ಹುಳುಕಡ್ಡಿಯಾಗಿದ್ದರೆ ಉಂಗುರದ ಅಂಚಿನಲ್ಲಿ ಹೊಟ್ಟು ಇರಬೇಕಿತ್ತು, ಅದನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳನ್ನು ಹುಡುಕುತ್ತಾರೆ. ನನ್ನ ಉಂಗುರವನ್ನು ಕೆರೆದರೆ ಹೆಚ್ಚೇನೂ ಬರಲಿಲ್ಲ, ಬಂದಷ್ಟರಲ್ಲಿ ಏನೂ ಸಿಗಲಿಲ್ಲ.

ಆಮೇಲೆ ಆ ಯುವ ವೈದ್ಯೆ ಹತ್ತಿಯ ಒಂದು ಎಳೆಯನ್ನು ಹೊಸೆದು ಚೂಪು ಮಾಡಿಕೊಂಡರು. "ಕಣ್ಣು ಮುಚ್ಕೊಳ್ಳಿ. ಎಲ್ಲಿ ಮುಟ್ಟಿದೆ ಅಂತ ಅನ್ಸುತ್ತೋ ಅಲ್ಲಿ ಇನ್ನೊಂದು ಕೈಬೆರಳಿಂದ ತೋರಿಸಿ." ನಾನು ಕಣ್ಣು ಮುಚ್ಚಿದೆ. ಪ್ರಾಧ್ಯಾಪಕರು ನನ್ನ ಮೊಣಕೈಯನ್ನು ಮಡಿಸಿ, ಒಳಬದಿಯ ಮೂಳೆಯ ಹಿಂದಿನ ಸಂದಿಯಲ್ಲಿ ನರವನ್ನು ಬೆರಳಿನಡಿ ಹೊರಳಿಸಿ ನೋಡಿದರು, ಬಳಿಕ ಕುತ್ತಿಗೆಯ ಪಕ್ಕದಲ್ಲೂ ತಡಕಿದರು. ಆಗ ನನಗೆ ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಬರಹ ಕಣ್ಣೆದುರು ಬಂತು. ತಿಳಿಬಿಳಿ ಅಥವಾ ತಾಮ್ರವರ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ. ಇವರು ಏನನ್ನು ಹುಡುಕುತ್ತಿದ್ದಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಹತ್ತಿ ಇನ್ನೊಮ್ಮೆ ತಾಗುವುದಕ್ಕೆ ಕಾಯುತ್ತಾ, ತಾಗಿದ್ದು ನಿಜವೋ ತಾಗಲಿ ಎಂಬ ಆಸೆಯಿಂದ ನನಗೆ ಹಾಗನಿಸಿತೋ ಎಂಬ ಅನುಮಾನದಲ್ಲಿ ಬೆರಳಿಡುತ್ತಾ ಹೋದೆ. ಉಂಗುರದ ಒಳಗೆ, ಅಂಚಿನಲ್ಲಿ, ಹೊರಗೆ. ಎಲ್ಲ ಕಡೆಯೂ ತಿಳಿಯಿತು.

"ಸ್ಪರ್ಶ ಸರಿ ಇದೆ, ನರ ದಪ್ಪ ಆಗಿಲ್ಲ. ನೀವು ಯಾವುದನ್ನ ಯೋಚ್ನೆ ಮಾಡ್ತಿದೀರೋ ಅದಲ್ಲ ಇದು" ಎಂದರು ಪ್ರಾಧ್ಯಾಪಕರು. ಕಣ್ಣು ತೆರೆದಾಗ ನನ್ನ ಕೈ ಇನ್ನೂ ಅವರ ಕೈಯಲ್ಲಿತ್ತು, ಅವರು ಗ್ಲೌಸ್ ಹಾಕಿರಲಿಲ್ಲ.

ಅದೇ ಆಗಿದ್ದರೂ ಏನಾಗುತ್ತಿತ್ತು ಎಂದು ಆಮೇಲೆ ಯೋಚಿಸಿದ್ದೇನೆ. ಕುಷ್ಠರೋಗ ದೇವರ ಶಾಪವಲ್ಲ, ಒಂದು ಬ್ಯಾಕ್ಟೀರಿಯಾದಿಂದ ಬರುವಂಥದ್ದು ಎಂಬುದನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದ. ಹೆಚ್ಚಿನ ಜನರಿಗೆ ಅದರ ವಿರುದ್ಧ ಸಹಜ ನಿರೋಧಕ ಶಕ್ತಿಯಿದೆ. ಬಹುವಿಧ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ರೋಗದ ಬಗೆಗೆ ತಕ್ಕಂತೆ ಆರು ತಿಂಗಳು ಅಥವಾ ಹನ್ನೆರಡು ತಿಂಗಳು ನುಂಗಿದರೆ ಗುಣವಾಗುತ್ತದೆ. ಬೇಗ ಹಿಡಿದರೆ ಕೈಕಾಲಿನ ಊನವೂ ಬರುವುದಿಲ್ಲ. ಬೇಗ ಹಿಡಿಯಬೇಕಾದರೆ ಬೇಗ ಬರಬೇಕು, ಬರುವವರನ್ನು ತಡೆಯುವುದು ಮಾತ್ರ ಗ್ರಾನೈಟ್ ಕಟ್ಟೆಯ ಮೇಲೆ ಇಡಿಸಿಕೊಂಡ ಆ ನೋಟಿನ ಕಟ್ಟು. ಆ ವ್ಯಾಪಾರಿಯ ಮೇಲೆ ನನಗೆ ಸಿಟ್ಟಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಪ್ಲಾಸ್ಟಿಕ್ ಕವರಿನ ಟ್ಯೂಬುಗಳು

ಪರೀಕ್ಷೆಗೆಂದು ಗುಳ್ಳೆಯ ತುಣುಕು ತೆಗೆಸಲು ಹೊರಗೆ ಕಾಯುತ್ತಿದ್ದಾಗ, ತೆರೆದ ಬಾಗಿಲಿನಿಂದ ನನ್ನ ನಂತರದವನ ಮಾತು ಕೇಳಿಸುತ್ತಿತ್ತು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹುಡುಗ. ಒಲೆಯ ಕಾವಿನ ಮುಂದೆ ದಿನವೆಲ್ಲ ಬೆವರುವ ಕೆಲಸ, ತೊಡೆಸಂದಿಯಲ್ಲಿ ಶುರುವಾದ ಹುಳುಕಡ್ಡಿ ಸೊಂಟ, ಹೊಟ್ಟೆಗಳಿಗೆ ಏರಿತ್ತು. ಏನು ಹಚ್ಚಿದ್ದೆ ಎಂದು ಕೇಳಿದಾಗ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲೆ ಬಗ್ಗಿಸಿದ. ಹಿಂಡಿ ಹಿಂಡಿ ಸುರುಳಿಯಾದ ಟ್ಯೂಬುಗಳು ಹೊರಬಿದ್ದವು. ವೈದ್ಯರು ಒಂದೊಂದನ್ನೂ ಬಿಡಿಸಿ, ಬೆನ್ನಿನ ಮೇಲಿನ ಸಣ್ಣಕ್ಷರವನ್ನು ಓದುತ್ತಾ ಎರಡು ಗುಂಪು ಮಾಡಿದರು. ಒಂದೇ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧಿ, ಬ್ಯಾಕ್ಟೀರಿಯಾದ ಔಷಧಿ ಮತ್ತು ಕ್ಲೋಬೆಟಾಸೋಲ್‌ನಂಥ ಬಿರುಸಾದ ಸ್ಟೀರಾಯ್ಡ್ ಬೆರೆತವು ದೊಡ್ಡ ಗುಂಪು.

ಸ್ಟೀರಾಯ್ಡ್ ಮಾಡುವುದೇನೆಂದರೆ, ಎರಡು ದಿನದಲ್ಲಿ ತುರಿಕೆ, ಕೆಂಪು ಎರಡನ್ನೂ ಇಳಿಸುತ್ತದೆ. ಗುಣವಾಯಿತೆಂದು ಹಚ್ಚುವವನು ಬಿಡುತ್ತಾನೆ. ಇತ್ತ ಚರ್ಮದ ಪ್ರತಿರೋಧ ಕುಗ್ಗಿರುವುದರಿಂದ ಶಿಲೀಂಧ್ರ ಒಳಗೊಳಗೇ ಹರಡಿ ಇನ್ನಷ್ಟು ಅಗಲವಾಗಿ ಏಳುತ್ತದೆ, ಉಂಗುರದ ಆಕಾರವೂ ಕೆಟ್ಟು ವೈದ್ಯರಿಗೇ ಗುರುತು ಸಿಗದಂತಾಗುತ್ತದೆ. ಹುಡುಗನ ತೊಡೆಯ ಮೇಲೆ ಬಸುರಿಯ ಹೊಟ್ಟೆಯಲ್ಲಿ ಕಾಣುವಂಥ ಗೀರುಗಳು ಬಿದ್ದಿದ್ದವು. ಅವು ಪೂರ್ತಿ ಹೋಗುವುದಿಲ್ಲ ಎಂದು ವೈದ್ಯರು ಹೇಳುತ್ತಿದ್ದರು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿ ಮಾಡಿದೆ. ಹುಡುಗನಿಗೆ ಚೀಟಿಯನ್ನು ಯಾವ ಮೆಡಿಕಲ್ ಶಾಪಿನವರೂ ಕೇಳಿರಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವುದಕ್ಕಿಂತ ಮೂಲೆಯಂಗಡಿಯ ಟ್ಯೂಬು ಅಗ್ಗವೆಂದು ಅವನು ಹಾಕಿದ ಲೆಕ್ಕವನ್ನು ನಾನು ತಪ್ಪೆನ್ನಲಾರೆ, ಆ ಲೆಕ್ಕ ಹಾಕಿಸಿದವರನ್ನು ಅನ್ನಬಲ್ಲೆ.

ಹೆಸರು ಬಂತು, ಕಾರಣ ಬರಲಿಲ್ಲ

ತುಣುಕು ತೆಗೆಯುವುದೆಂದರೆ ನಾನು ಕತ್ತರಿ, ಚಾಕು ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಮರಗಟ್ಟಿಸುವ ಚುಚ್ಚುಮದ್ದು ಒಂದು ಕ್ಷಣ ಉರಿಯಿತು, ಅಷ್ಟೆ. ಬಳಿಕ ನಾಲ್ಕು ಮಿಲಿಮೀಟರ್ ಅಗಲದ, ದುಂಡನೆಯ ಅಂಚಿನ ಸಣ್ಣ ಸಾಧನವೊಂದನ್ನು ಗುಳ್ಳೆಯ ಮೇಲಿಟ್ಟು ತಿರುವಿದರು. ಹೊರಬಂದ ಚೂರು ಫಾರ್ಮಲಿನ್ ಸೀಸೆಯ ತಳಕ್ಕಿಳಿದು ಬೆಳ್ಳಗಾಯಿತು. ಒಂದು ಹೊಲಿಗೆ. ಸೀಸೆಯ ಮೇಲೆ ಹೆಸರು ಸರಿಯಾಗಿ ಬರೆದಿದೆಯೇ ಎಂದು ಎರಡು ಸಲ ಓದಿ (ಕ್ಯಾಷಿಯರ್ ಬುದ್ಧಿ) ನಾನೇ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ.

ವರದಿಯಲ್ಲಿ ಬಂದ ಹೆಸರು ಗ್ರ್ಯಾನುಲೋಮಾ ಆನ್ಯುಲೇರ್. ಚರ್ಮದೊಳಗಿನ ಕೊಲಾಜನ್ ಎಂಬ ನಾರು ಒಂದು ಕಡೆ ಹಾಳಾಗಿ, ಅದರ ಸುತ್ತ ರಕ್ಷಣಾ ಕೋಶಗಳು ಸಾಲುಗಟ್ಟಿ ನಿಂತಿರುತ್ತವೆ. ಕಣ್ಣಿಗೆ ಉಂಗುರವಾಗಿ ಕಾಣುವ ಉಬ್ಬು ಅದೇ. ಅಂಟುವುದಲ್ಲ, ಕ್ಯಾನ್ಸರ್ ಅಲ್ಲ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಏಕೆ ಬರುತ್ತದೆಂದರೆ ವೈದ್ಯಶಾಸ್ತ್ರಕ್ಕೂ ಗೊತ್ತಿಲ್ಲ. ಸಕ್ಕರೆ ಕಾಯಿಲೆಯ ಜೊತೆ ನಂಟಿದೆಯೆಂದು ಕೆಲವರು, ಇಲ್ಲವೆಂದು ಕೆಲವರು ವಾದಿಸುತ್ತಾರಂತೆ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿದರು, ನನ್ನ ಸಕ್ಕರೆ ಸರಿಯಾಗಿತ್ತು. ಒಂದೆರಡು ಕಡೆ ಮಾತ್ರ ಬಂದಿದ್ದರೆ ಸುಮಾರು ಅರ್ಧದಷ್ಟು ಜನರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಬೇಕೆಂದರೆ ಗುಳ್ಳೆಗೇ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಬಹುದು, ಆದರೆ ಆ ಜಾಗದಲ್ಲಿ ಚರ್ಮ ತೆಳುವಾಗಿ ಕುಳಿ ಬೀಳಬಹುದು ಎಂದರು. ಭಟ್ಟಿಯ ಹುಡುಗನ ಮೈ ಕೆಡಿಸಿದ ವಸ್ತುವೇ ಇಲ್ಲಿ ಔಷಧಿಯಾಗಬಲ್ಲದು, ಎಲ್ಲಿ, ಎಷ್ಟು, ಎಷ್ಟು ದಿನ ಎಂದು ಬಲ್ಲವರ ಕೈಯಲ್ಲಿ. ನಾನು ಕಾಯುತ್ತೇನೆಂದೆ. ಬೇಗ ಬೆಳೆದರೆ, ಹುಣ್ಣಾದರೆ, ರಕ್ತ ಒಸರಿದರೆ, ಮೈಯೆಲ್ಲ ಹರಡಿದರೆ ಕೂಡಲೇ ಬನ್ನಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಔಷಧಿ ಬರೆಯುವ ಜಾಗ ಖಾಲಿಯಿತ್ತು.

ಆ ಖಾಲಿ ಜಾಗವನ್ನು ಮನೆಯಲ್ಲಿ ಒಪ್ಪಿಸುವುದೇ ಕಷ್ಟವಾಯಿತು. "ಔಷ್ದಿ ಬರೀಲಿಲ್ಲ ಅಂದ್ರೆ ಅವ್ರೆಂಥ ಡಾಕ್ಟ್ರವ್ವ?" ಎಂದು ಅತ್ತೆ ಕೇಳಿದರು. ಅವರೊಬ್ಬರ ಪ್ರಶ್ನೆಯಲ್ಲ ಅದು. ಹಚ್ಚಲು, ನುಂಗಲು ಏನಾದರೂ ಇದ್ದರೆ ಮಾತ್ರ ಚಿಕಿತ್ಸೆಯಾಯಿತೆಂದು ನಂಬುವ ನಮಗೆ, ಇದು ಇಂಥದ್ದಲ್ಲ, ಇಂಥದ್ದಲ್ಲ, ಇಂಥದ್ದೂ ಅಲ್ಲ ಎಂದು ಒಂದೊಂದಾಗಿ ತಳ್ಳಿಹಾಕಿ ತೋರಿಸುವ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ನಾನು ಕೊಟ್ಟ ಹಣಕ್ಕೆ ಸಿಕ್ಕಿದ್ದು ಅದೇ, ನಷ್ಟವೆಂದು ನನಗೆ ಅನ್ನಿಸಿಲ್ಲ. ಅತ್ತೆ ಈ ನಡುವೆ ನಾಗಪ್ಪನಿಗೆ ಹಾಲೆರೆದು ಬಂದರು. ಉಂಗುರದ ಒಂದು ಬದಿ ಈಗ ಮಾಸಿದೆ. ಅದರ ಶ್ರೇಯಸ್ಸು ಯಾರಿಗೆ ಸೇರಬೇಕೆಂಬ ಚರ್ಚೆ ನಮ್ಮ ಅಡುಗೆಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ, ನಾನು ಎರಡೂ ಪಕ್ಷಕ್ಕೆ ಮತ ಹಾಕಿ ಕುಳಿತಿದ್ದೇನೆ.

ಕಳೆದ ವಾರ ಎದುರುಮನೆಯವರು, ಬದನೆಕಾಯಿ ಬಿಡಿಸಿದವರೇ, ರವಿಕೆ ಸರಿಸಿ ಬೆನ್ನಿನ ಮೇಲಿನ ಗಂಟೊಂದನ್ನು ತೋರಿಸಿ ಏನಿರಬಹುದೆಂದು ನನ್ನನ್ನು ಕೇಳಿದರು. ಮೆದುವಾಗಿ ಬೆರಳಿನಡಿ ಜಾರಿತು, ಹೆಸರೊಂದು ನಾಲಿಗೆಯ ತುದಿಗೂ ಬಂತು, ಆದರೆ ಹೇಳಲಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ ಚೀಟಿ ಮಾಡಿಸಿ, ಅಂದು ಮೈಗೆ ಎಣ್ಣೆ ಹಚ್ಚಬೇಡಿ, ಯಾವಾಗ ಮೊದಲು ಕಂಡಿರೆಂದು ಹಬ್ಬದ ಲೆಕ್ಕದಲ್ಲಾದರೂ ನೆನಪು ಮಾಡಿಕೊಳ್ಳಿ, ಇದುವರೆಗೆ ಹಚ್ಚಿದ ಟ್ಯೂಬುಗಳಿದ್ದರೆ ಖಾಲಿಯಾಗಿದ್ದರೂ ಒಯ್ಯಿರಿ ಎಂದೆ. ಅವರು ಒಳಗೆ ಹೋಗಿ ಫ್ರಿಜ್ಜಿನ ಮೇಲಿನ ಡಬ್ಬಿ ತಂದು ಮೇಜಿನ ಮೇಲೆ ಸುರಿದರು, ಇಬ್ಬರೂ ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಲು ಕುಳಿತೆವು.